ಪಾದದ ಕೀಲು ತಪ್ಪಿದಾಗ: ಆಪರೇಷನ್ ಇಲ್ಲದೆ ವಾಸಿಯಾಗುವ ದಾರಿ

ಕತ್ತಲಲ್ಲಿ ಎದ್ದು ನಡೆಯುವಾಗ ನನ್ನ ಎಡಗಾಲಿನ ಕಿರುಬೆರಳು ಮಂಚದ ಕಾಲಿಗೆ ಸಿಕ್ಕಿಕೊಂಡಿತು. ದೀಪ ಹಾಕಿ ನೋಡಿದರೆ ಬೆರಳು ಪಕ್ಕದ ಬೆರಳನ್ನು ಬಿಟ್ಟು ಹೊರಕ್ಕೆ ತಿರುಗಿ ನಿಂತಿದೆ. ಬುಡದಲ್ಲಿ ಚಿಕ್ಕ ಮೆಟ್ಟಿಲಿನ ಹಾಗೆ ಒಂದು ಉಬ್ಬು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು, ಬೆರಳನ್ನು ಮರಗಟ್ಟಿಸಿ, ಎಳೆದು ಕೂರಿಸಿದರು. ಕೂರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿ, ಮೂರು ವಾರ ಹೀಗೇ ಕಟ್ಟಿಕೊಂಡಿರಿ ಅಂದರು. ಐದನೇ ದಿನಕ್ಕೆ ನೋವು ಹೋಯಿತು. ನೋವಿಲ್ಲ ಅಂದ ಮೇಲೆ ವಾಸಿಯಾಯಿತು ಅಂದುಕೊಂಡು ಟೇಪು ಬಿಚ್ಚಿಬಿಟ್ಟೆ. ಹತ್ತನೇ ದಿನ ಮೆಟ್ಟಿಲು ಇಳಿಯುವಾಗ ಅದೇ ಕೀಲು ಮತ್ತೆ ಜಾರಿತು. ಎರಡನೇ ಸಲ ಪೂರ್ತಿ ಸರಿಹೋಗಲು ಮೂರು ತಿಂಗಳು ಬೇಕಾಯಿತು.

ಕೀಲನ್ನು ಕೂರಿಸುವುದು ಕೆಲವು ನಿಮಿಷದ ಕೆಲಸ. ಕೂತದ್ದನ್ನು ಕೂತಲ್ಲೇ ಉಳಿಸಿಕೊಳ್ಳುವುದು ವಾರಗಟ್ಟಲೆಯ ಕೆಲಸ. ಮೊದಲನೆಯದನ್ನು ಡಾಕ್ಟರು ಮಾಡುತ್ತಾರೆ, ಎರಡನೆಯದು ನಮ್ಮ ಪಾಲಿನದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಒಳಗೆ ಏನಾಗಿರುತ್ತದೆ?

ಒಂದು ಪಾದದಲ್ಲಿ 26 ಮೂಳೆಗಳಿವೆ, 33 ಕೀಲುಗಳಿವೆ. ಮೂಳೆಗೂ ಮೂಳೆಗೂ ನಡುವೆ ಹಿಡಿದಿಡುವ ಗಟ್ಟಿ ಪಟ್ಟಿಗಳಿಗೆ ಲಿಗಮೆಂಟ್ ಅನ್ನುತ್ತಾರೆ. ಉಳುಕಿದಾಗ ಈ ಪಟ್ಟಿ ಜಗ್ಗುತ್ತದೆ ಅಥವಾ ಸ್ವಲ್ಪ ಹರಿಯುತ್ತದೆ, ಮೂಳೆಗಳು ಮಾತ್ರ ತಮ್ಮ ಜಾಗದಲ್ಲೇ ಇರುತ್ತವೆ. ಕೀಲು ತಪ್ಪಿದಾಗ ಹಾಗಲ್ಲ. ಮೂಳೆಯ ತುದಿ ತನ್ನ ಜಾಗ ಬಿಟ್ಟು ಆಚೆ ಹೋಗಿರುತ್ತದೆ. ಲಿಗಮೆಂಟ್ ಹರಿಯದೆ ಮೂಳೆ ಹೊರಗೆ ಹೋಗಲಾರದು, ಅಲ್ವಾ? ಹಾಗಾಗಿ ಕೀಲು ವಾಪಸ್ ಕೂತ ಮೇಲೂ ಹರಿದ ಪಟ್ಟಿ ಹರಿದೇ ಇರುತ್ತದೆ. ಅದು ಬೆಸೆದುಕೊಳ್ಳಲು ಸಮಯ ಬೇಕು. ನಾನು ಐದನೇ ದಿನ ಟೇಪು ಬಿಚ್ಚಿದಾಗ ಮರೆತದ್ದು ಇದನ್ನೇ.

ಅರ್ಧ ಜಾರಿ ನಿಂತ ಕೀಲೂ ಇರುತ್ತದೆ. ನೋಡಲು ಉಳುಕಿದ ಹಾಗೇ ಕಾಣುವುದರಿಂದ ಅದು ತಪ್ಪಿಸಿಕೊಳ್ಳುವುದು ಜಾಸ್ತಿ. ಇನ್ನು ಕೀಲು ತಪ್ಪುವುದರ ಜೊತೆಗೆ ಮೂಳೆ ಮುರಿಯುವುದೂ ತುಂಬ ಸಾಮಾನ್ಯ. ಹರಡಿನಲ್ಲಂತೂ, ಅಂದರೆ ಕಾಲು ಮತ್ತು ಪಾದ ಸೇರುವ ಕೀಲಿನಲ್ಲಿ, ಹೆಚ್ಚಿನ ಸಲ ಎರಡೂ ಒಟ್ಟಿಗೇ ಆಗುತ್ತವೆ. ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕೀಲು ತಪ್ಪಿದಂತೆ ಕಾಣುವುದು ಕೆಲವೊಮ್ಮೆ ಮೂಳೆ ಬೆಳೆಯುವ ಜಾಗದ ಮುರಿತ ಆಗಿರುತ್ತದೆ. ಇವನ್ನೆಲ್ಲ ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ, ಎಕ್ಸ್-ರೇ ಬೇಕೇ ಬೇಕು.

ಮೊದಲ ಅರ್ಧ ಗಂಟೆ

ಎಲ್ಲಿದ್ದೀರೋ ಅಲ್ಲೇ ಕೂತುಬಿಡಿ. "ಒಂದೆರಡು ಹೆಜ್ಜೆ ಇಟ್ಟು ನೋಡೋಣ" ಅಂತ ಆ ಕಾಲಿನ ಮೇಲೆ ಭಾರ ಹಾಕಬೇಡಿ.

ಶೂ, ಸಾಕ್ಸು, ಕಾಲುಂಗುರ ಏನಿದ್ದರೂ ಊತ ಏರುವ ಮೊದಲೇ ನಿಧಾನವಾಗಿ ತೆಗೆಯಿರಿ. ಶೂ ಎಳೆದರೆ ನೋವಾಗುತ್ತಿದೆ ಅಂದರೆ ಲೇಸನ್ನು ಪೂರ್ತಿ ಬಿಚ್ಚಿ, ಆಗದಿದ್ದರೆ ಕತ್ತರಿಸಿ ತೆಗೆಯಿರಿ. ಅರ್ಧ ಗಂಟೆ ಕಳೆದರೆ ಉಂಗುರ ಬರುವುದು ಕಷ್ಟ. ಊದಿದ ಬೆರಳಿಗೆ ಅದು ರಕ್ತ ಹೋಗದಂತೆ ಬಿಗಿಯುತ್ತದೆ.

ಈಗ ಬೆರಳುಗಳ ಬಣ್ಣ ನೋಡಿ. ಒಂದು ಉಗುರನ್ನು ಒತ್ತಿ ಹಿಡಿದರೆ ಅದು ಬೆಳ್ಳಗಾಗುತ್ತದೆ. ಬಿಟ್ಟ ಮೇಲೆ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಇನ್ನೊಂದು ಕಾಲಿನ ಉಗುರನ್ನೂ ಒತ್ತಿ, ಎರಡನ್ನೂ ಹೋಲಿಸಿ. ಬೆರಳು ತಣ್ಣಗಿದ್ದರೆ, ನೀಲಿಗಟ್ಟಿದ್ದರೆ, ಮುಟ್ಟಿದ್ದು ಗೊತ್ತಾಗದಿದ್ದರೆ ಮುಂದಿನ ಯಾವುದಕ್ಕೂ ಕಾಯದೆ ಆಸ್ಪತ್ರೆಗೆ ಹೊರಡಿ. ಒಳಗಿನ ಮೂಳೆ ಚರ್ಮವನ್ನು ಒತ್ತಿ ಚರ್ಮ ಬಿಳಿಚಿಕೊಂಡಿದ್ದರೂ, ಗಾಯವಾಗಿ ತೆರೆದುಕೊಂಡಿದ್ದರೂ ಅಷ್ಟೇ. ಗಾಯ ಇದ್ದರೆ ಶುದ್ಧ ಬಟ್ಟೆ ಮುಚ್ಚಿ ಕರೆದುಕೊಂಡು ಹೋಗಿ. ಹೊರಗೆ ಕಂಡ ಮೂಳೆಯನ್ನು ಒಳಕ್ಕೆ ತಳ್ಳಬೇಡಿ.

ಆಮೇಲೆ ಆಧಾರ ಕೊಡಿ. ಪಾದ ಹೇಗೆ ತಿರುಗಿ ನಿಂತಿದೆಯೋ ಹಾಗೆಯೇ ಇರಲಿ, ನೇರ ಮಾಡಲು ಹೋಗಬೇಡಿ. ಒಂದು ದಿಂಬನ್ನು ಪಾದದ ಸುತ್ತ ಯು ಆಕಾರದಲ್ಲಿ ಮಡಿಸಿ, ಸಡಿಲವಾಗಿ ಬಟ್ಟೆ ಕಟ್ಟಿದರೆ ಸಾಕು. ಬೆರಳ ತುದಿಗಳು ಕಾಣುವಂತಿರಲಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ತಾಗಿಸಬೇಡಿ. ಕಾಲನ್ನು ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲಿಡಿ. ಪಾದ ಅಥವಾ ಹರಡು ತಿರುಗಿದ್ದರೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಕೂರಿಸುವಾಗ ನಿದ್ದೆಯ ಮದ್ದು ಕೊಡಬೇಕಾಗಬಹುದು, ಆಗ ಖಾಲಿ ಹೊಟ್ಟೆ ಇದ್ದರೆ ಒಳ್ಳೆಯದು.

ಯಾರೋ "ನನಗೆ ಗೊತ್ತು, ಎಳೆದು ಕೂರಿಸುತ್ತೇನೆ" ಅಂತ ಮುಂದೆ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಆದರೂ ಬೇಡ ಅನ್ನಿ. ಒಳಗೆ ಮುರಿದ ಮೂಳೆ ಇದ್ದರೆ ಎಳೆದಾಗ ಅದರ ಚೂಪು ತುದಿ ನರವನ್ನೋ ರಕ್ತನಾಳವನ್ನೋ ಕುಯ್ಯಬಹುದು. ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಮೊದಲ ದಿನಗಳಲ್ಲಿ ಊತವನ್ನು ಹೆಚ್ಚಿಸುತ್ತದೆ.

ಆಸ್ಪತ್ರೆಯಲ್ಲಿ ಕೂರಿಸುವುದು ಹೇಗೆ?

ಇದು ಗೊತ್ತಿದ್ದರೆ ಭಯ ಅರ್ಧ ಕಡಿಮೆಯಾಗುತ್ತದೆ. ಮೊದಲು ಎಕ್ಸ್-ರೇ. ರಕ್ತ ಓಡಾಟ ನಿಂತಿದ್ದರೆ ಅಥವಾ ಚರ್ಮ ಹರಿಯುವಂತಿದ್ದರೆ ಮಾತ್ರ ಎಕ್ಸ್-ರೇಗೂ ಕಾಯದೆ ಕೂರಿಸುತ್ತಾರೆ. ಆಮೇಲೆ ಮರಗಟ್ಟಿಸುತ್ತಾರೆ. ಬೆರಳಾದರೆ ಬುಡದ ಎರಡೂ ಪಕ್ಕ ಸಣ್ಣ ಸೂಜಿಯಿಂದ ಮದ್ದು ಹಾಕುತ್ತಾರೆ. ಚುಚ್ಚಿದ್ದು ಚುರ್ ಅನ್ನುತ್ತದೆ, ಐದು ಹತ್ತು ನಿಮಿಷದಲ್ಲಿ ಬೆರಳೇ ಇಲ್ಲದ ಹಾಗೆ ಆಗುತ್ತದೆ. ಪಾದದ ದೊಡ್ಡ ಕೀಲುಗಳಾದರೆ ನಿದ್ದೆ ಬರುವ ಮದ್ದು ಬೇಕು. ನೋವಿಗೆ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಬಿಗಿದ ಸ್ನಾಯುವಿನ ಎದುರು ಎಷ್ಟು ಎಳೆದರೂ ಕೀಲು ಬರುವುದಿಲ್ಲ. ಸ್ನಾಯು ಸಡಿಲಾದರೆ ಬಲವೇ ಬೇಕಾಗುವುದಿಲ್ಲ.

ಬೆರಳನ್ನು ಕೂರಿಸುವಾಗ ನೇರವಾಗಿ ಎಳೆಯುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಅದು ಯಾವ ಕಡೆಗೆ ಹೋಗಿದೆಯೋ ಅದೇ ಕಡೆಗೆ ಮೊದಲು ಇನ್ನೂ ಸ್ವಲ್ಪ ಬಾಗಿಸುತ್ತಾರೆ. ಸಿಕ್ಕಿಕೊಂಡ ಅಂಚು ಆಗ ಬಿಡಿಸಿಕೊಳ್ಳುತ್ತದೆ. ಹಾಗೇ ಎಳೆಯುತ್ತಾ, ಹೆಬ್ಬೆರಳಿನಿಂದ ಮೂಳೆಯ ಬುಡವನ್ನು ಒತ್ತಿ, ಬೆರಳನ್ನು ಅದರ ಜಾಗಕ್ಕೆ ತರುತ್ತಾರೆ. ಸಣ್ಣದೊಂದು "ಟಕ್". ಬೆರಳು ಮತ್ತೆ ಬೆರಳಿನ ಹಾಗೆ ಕಾಣುತ್ತದೆ. ಹಿಮ್ಮಡಿಯ ಕಡೆಯ ಕೀಲನ್ನು ಕೂರಿಸುವಾಗ ಮೊಣಕಾಲನ್ನು ಮಡಿಸಿ ಹಿಡಿಯುತ್ತಾರೆ. ಮೀನಖಂಡದ ಸ್ನಾಯು ಮೊಣಕಾಲಿನ ಮೇಲಿಂದ ಶುರುವಾಗಿ ಹಿಮ್ಮಡಿಯವರೆಗೆ ಬರುತ್ತದೆ. ಮೊಣಕಾಲು ಮಡಿಸಿದರೆ ಅದು ಸಡಿಲವಾಗುತ್ತದೆ, ಹಿಮ್ಮಡಿ ಬಿಡುತ್ತದೆ.

ಕೂತ ಮೇಲೆ ಡಾಕ್ಟರು ಕೀಲನ್ನು ಮೆಲ್ಲಗೆ ಆಡಿಸಿ ನೋಡುತ್ತಾರೆ. ತಾನಾಗಿ ನಿಲ್ಲುತ್ತದೆಯೇ, ಕೈಬಿಟ್ಟರೆ ಮತ್ತೆ ಜಾರುತ್ತದೆಯೇ? ಆಪರೇಷನ್ ಬೇಕೋ ಬೇಡವೋ ಅನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಇನ್ನೊಂದು ಎಕ್ಸ್-ರೇ. ಹಿಮ್ಮಡಿ ಅಥವಾ ನಡುಪಾದವಾದರೆ ಸಿ.ಟಿ. ಸ್ಕ್ಯಾನ್ ಕೂಡ ಮಾಡಿಸುತ್ತಾರೆ, ಯಾಕೆಂದರೆ ಅಲ್ಲಿನ ಸಣ್ಣ ಮುರಿತಗಳು ಎಕ್ಸ್-ರೇಯಲ್ಲಿ ಬಚ್ಚಿಟ್ಟುಕೊಳ್ಳುತ್ತವೆ.

ಕೆಲವು ಕೀಲುಗಳು ಎಷ್ಟು ಮಾಡಿದರೂ ಕೂರುವುದಿಲ್ಲ. ಹೆಬ್ಬೆರಳಿನ ಬುಡದಲ್ಲಿ ಇದು ಹೆಚ್ಚು. ಅದರ ಕೆಳಗಿನ ದಪ್ಪ ಪೊರೆಯೋ ಕಡಲೆಕಾಳಿನಂಥ ಎರಡು ಪುಟ್ಟ ಮೂಳೆಗಳೋ ಕೀಲಿನ ನಡುವೆ ಸಿಕ್ಕಿಕೊಂಡುಬಿಡುತ್ತವೆ. ಆಗ ಒಂದೆರಡು ಪ್ರಯತ್ನದ ನಂತರ ನಿಲ್ಲಿಸಿ ಆಪರೇಷನ್ ಮಾಡುವುದೇ ಸರಿ. ಮತ್ತೆ ಮತ್ತೆ ಎಳೆದರೆ ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆ ತುದಿಯ ನುಣುಪು ಪದರಕ್ಕೆ, ಏಟು ಬೀಳುತ್ತದೆ. ಗಾಯ ತೆರೆದಿದ್ದರೆ, ಮುರಿದ ಚೂರು ಕೀಲಿನೊಳಗೆ ಬಿದ್ದಿದ್ದರೆ, ಕೂರಿಸಿದ್ದು ನಿಲ್ಲದಿದ್ದರೆ ಆಗಲೂ ಆಪರೇಷನ್ ಬೇಕು. ಅದನ್ನು ತಪ್ಪಿಸಿಕೊಳ್ಳಲು ಓಡಾಡಬೇಡಿ.

ಮನೆಗೆ ಹೊರಡುವ ಮುಂಚೆ ಮೂರು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಕೀಲು ತಾನಾಗಿ ನಿಲ್ಲುತ್ತಿದೆಯೇ? ಈ ಕಾಲಿನ ಮೇಲೆ ಭಾರ ಯಾವಾಗಿನಿಂದ, ಎಷ್ಟು ಹಾಕಬಹುದು? ಮುಂದಿನ ಎಕ್ಸ್-ರೇ ಯಾವಾಗ?

ಯಾವ ಕೀಲಿಗೆ ಎಷ್ಟು ದಿನ?

ಚಿಕ್ಕ ಬೆರಳುಗಳಿಗೆ 2ರಿಂದ 4 ವಾರ ಪಕ್ಕದ ಬೆರಳಿನ ಜೊತೆ ಟೇಪು, ಕಾಲಿಗೆ ತಳ ಬಾಗದ ಗಟ್ಟಿ ಶೂ. ಹೆಚ್ಚಿನವರು ಮೊದಲ ದಿನದಿಂದಲೇ ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯಬಹುದು. ಹೆಬ್ಬೆರಳಿಗೆ ಟೇಪು ಸಾಲದು. ಪ್ರತಿ ಹೆಜ್ಜೆಯಲ್ಲೂ ಕೊನೆಗೆ ನೆಲವನ್ನು ಒತ್ತಿ ದೇಹವನ್ನು ಮುಂದೆ ದೂಡುವುದು ಅದೇ ಬೆರಳು. ಅದಕ್ಕೆ ಬೆರಳ ತುದಿಯವರೆಗೆ ತಳ ಬರುವ ಪ್ಲಾಸ್ಟರ್ ಅಥವಾ ಅದರ ಬದಲು ಹಾಕಿಕೊಂಡು ನಡೆಯುವ ಗಟ್ಟಿ ಬೂಟು ಬೇಕು, ಸಾಮಾನ್ಯವಾಗಿ 3ರಿಂದ 4 ವಾರ.

ನಡುಪಾದದ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ. ಬೆರಳುಗಳಿಗೆ ಹೋಗುವ ಉದ್ದ ಮೂಳೆಗಳು ಪಾದದ ಕಮಾನಿಗೆ ಸೇರುವ ಸಾಲಿಗೆ ಲಿಸ್‌ಫ್ರಾಂಕ್ ಕೀಲು ಎಂದು ಹೆಸರು. ಫ್ರಾನ್ಸಿನ ಶಸ್ತ್ರವೈದ್ಯ ಜಾಕ್ ಲಿಸ್‌ಫ್ರಾಂಕ್ ಅವರ ಹೆಸರು ಅದು. ಇಲ್ಲಿ ಎರಡನೇ ಬೆರಳಿನ ಉದ್ದ ಮೂಳೆಯ ಬುಡ ಕಮಾನಿನ ಕೀಲಿಕಲ್ಲಿನ ಹಾಗೆ ಸಿಕ್ಕಿಸಿಕೊಂಡಿರುತ್ತದೆ. ಮೊದಲನೇ ಮತ್ತು ಎರಡನೇ ಉದ್ದ ಮೂಳೆಗಳ ಬುಡಗಳ ನಡುವೆ ನೇರ ಕಟ್ಟು ಇಲ್ಲ. ಮುಖ್ಯವಾಗಿ ಒಂದು ಓರೆ ಲಿಗಮೆಂಟ್ ಇದನ್ನು ಹಿಡಿದಿದೆ. ಅದು ಹರಿದರೆ ಕಮಾನು ಸಡಿಲ.

ಹೊರಗೆ ಅಂಥದ್ದೇನೂ ಕಾಣದಿರಬಹುದು. ಮೆಟ್ಟಿಲಲ್ಲಿ ಕಾಲು ತಿರುಚಿ ಬಿದ್ದಿರುತ್ತೀರಿ, ಪಾದದ ಮೇಲೆ ಊತ, "ಉಳುಕಿದೆ, ಸರಿಹೋಗುತ್ತದೆ" ಅಂತ ಬಿಟ್ಟಿರುತ್ತೀರಿ. ಒಂದು ಗುರುತು ನೆನಪಿಡಿ. ಪಾದವನ್ನು ತಿರುಗಿಸಿ ಅಂಗಾಲಿನ ನಡುವೆ ನೋಡಿ. ಅಲ್ಲಿ ನೀಲಿ ಕಲೆ ಎದ್ದಿದ್ದರೆ ಅದು ಸುಮ್ನೆ ಉಳುಕು ಅಲ್ಲ ಎಂದೇ ಎಣಿಸಿ. ತುದಿಗಾಲಲ್ಲಿ ನಿಲ್ಲಲು ಹೋದರೆ ಪಾದದ ನಡುವೆ ಚುಚ್ಚಿದಂತೆ ನೋವಾಗುವುದು ಇನ್ನೊಂದು ಗುರುತು. ಮಲಗಿಸಿ ತೆಗೆದ ಎಕ್ಸ್-ರೇಯಲ್ಲಿ ಇದು ಎಷ್ಟೋ ಸಲ ತಪ್ಪಿಹೋಗುತ್ತದೆ. ನಿಂತು, ಪಾದದ ಮೇಲೆ ಭಾರ ಹಾಕಿ ತೆಗೆದ ಎಕ್ಸ್-ರೇಯಲ್ಲಿ ಮೂಳೆಗಳ ನಡುವಿನ ಬಿರುಕು ಬಯಲಾಗುತ್ತದೆ. ಮೊದಲ ದಿನ ನೋವಿಗೆ ನಿಲ್ಲಲು ಆಗದಿದ್ದರೆ ವಾರ ಹತ್ತು ದಿನ ಬಿಟ್ಟು ಮತ್ತೆ ತೆಗೆಸಲೇಬೇಕು. ಇದನ್ನು ನೀವೇ ಕೇಳಿ, ಸಂಕೋಚ ಬೇಡ.

ನಿಂತು ತೆಗೆದಾಗಲೂ ಮೂಳೆಗಳು ಜಾಗ ಬಿಟ್ಟಿಲ್ಲ ಅಂದರೆ ಆಪರೇಷನ್ ಬೇಡ. ಆದರೆ ಸುಮಾರು 6 ವಾರ ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ. ಪ್ಲಾಸ್ಟರ್ ಅಥವಾ ಬೂಟು ಹಾಕಿ ಊರುಗೋಲಿನಲ್ಲೇ ಓಡಾಟ. ನಡುವೆ ಒಮ್ಮೆ ಎಕ್ಸ್-ರೇ ತೆಗೆದು, ಜಾರಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಜಾರಿದ್ದರೆ ಆಪರೇಷನ್. ಇಲ್ಲಿ "ಒಂದೇ ಒಂದು ಹೆಜ್ಜೆ" ಕೂಡ ದುಬಾರಿ.

ಹಿಮ್ಮಡಿ ಮೂಳೆಗೂ ಅದರ ಮೇಲೆ ಕೂರುವ ಟೇಲಸ್ ಮೂಳೆಗೂ ನಡುವಿನ ಕೀಲು ತಪ್ಪುವುದು ಅಪರೂಪ, ಎತ್ತರದಿಂದ ಬಿದ್ದಾಗ ಅಥವಾ ವಾಹನದ ಅಪಘಾತದಲ್ಲಿ ಆಗುವಂಥದ್ದು. ಹೆಚ್ಚಿನ ಸಲ ಪಾದ ಪೂರ್ತಿ ಒಳಕ್ಕೆ ತಿರುಗಿ ನಿಂತಿರುತ್ತದೆ. ಟೇಲಸ್‌ಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ, ಅದಕ್ಕೆ ಸಿಗುವ ರಕ್ತವೇ ಕಡಿಮೆ. ಹಾಗಾಗಿ ತಡ ಮಾಡದೆ ಕೂರಿಸಬೇಕು. ಚೆನ್ನಾಗಿ ಕೂತರೆ 4ರಿಂದ 6 ವಾರ ಪ್ಲಾಸ್ಟರ್. ಇದಕ್ಕಿಂತ ಜಾಸ್ತಿ ದಿನ ಕಟ್ಟಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ, ಏರುತಗ್ಗಿನ ನೆಲದಲ್ಲಿ ನಡೆಯುವುದು ಕಷ್ಟವಾಗುತ್ತದೆ. ಮುರಿತವಿಲ್ಲದೆ ಹರಡು ಮಾತ್ರ ತಪ್ಪಿದ್ದರೆ ಅದಕ್ಕೂ ಸುಮಾರು 6 ವಾರ.

ಪಕ್ಕದ ಬೆರಳಿಗೆ ಟೇಪು ಕಟ್ಟುವುದು

ಮನೆಯಲ್ಲಿ ನೀವೇ ಮಾಡಬೇಕಾದ ಕೆಲಸ ಇದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಡಾಕ್ಟರು ಕೂರಿಸಿದ ಮೇಲೆ ಮಾತ್ರ ಇದು. ಜಾಗ ತಪ್ಪಿದ ಬೆರಳನ್ನು ಹಾಗೇ ಕಟ್ಟಬಾರದು.

1. ಪಾದ ತೊಳೆದು, ಬೆರಳ ಸಂದುಗಳನ್ನು ಪೂರ್ತಿ ಒಣಗಿಸಿ. ತೇವ ಉಳಿದರೆ ಮೂರೇ ದಿನಕ್ಕೆ ಚರ್ಮ ಬೆಳ್ಳಗೆ ನೆನೆದು ಸುಲಿಯುತ್ತದೆ.

2. ಎರಡು ಬೆರಳುಗಳ ನಡುವೆ ತೆಳುವಾಗಿ ಹತ್ತಿ ಅಥವಾ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಇಡಿ. ದಪ್ಪವಾದರೆ ಅದೇ ಬೆರಳನ್ನು ಹೊರಕ್ಕೆ ತಳ್ಳುತ್ತದೆ.

3. ಸುಮಾರು ಒಂದು ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ. ಒಂದನ್ನು ಬೆರಳಿನ ಬುಡದ ಹತ್ತಿರ, ಇನ್ನೊಂದನ್ನು ತುದಿಯ ಹತ್ತಿರ ಸುತ್ತಿ. ಪೆಟ್ಟಾದ ಕೀಲಿನ ಮೇಲೇ ಟೇಪು ಬರಬಾರದು, ಅಲ್ಲಿ ಊತಕ್ಕೆ ಜಾಗ ಬೇಕು. ಉಗುರು ಕಾಣುತ್ತಿರಲಿ.

4. ಎಳೆದು ಬಿಗಿಯಬೇಡಿ, ಸುಮ್ನೆ ಸುತ್ತಿ. ಸುತ್ತಿದ ಮೇಲೆ ಉಗುರು ಒತ್ತಿ, ಬಣ್ಣ ಮರಳುವುದನ್ನು ನೋಡಿ. ಹತ್ತು ನಿಮಿಷ ಕಾಲು ಕೆಳಗಿಟ್ಟು ಕೂತು ಮತ್ತೊಮ್ಮೆ ನೋಡಿ. ಜೋಮು ಹಿಡಿದರೆ ಬಿಚ್ಚಿ ಮತ್ತೆ ಕಟ್ಟಿ.

5. ಒಂದೆರಡು ದಿನಕ್ಕೊಮ್ಮೆ ಬದಲಾಯಿಸಿ. ಬಿಚ್ಚಿದಾಗ ಬೆರಳನ್ನು ಒಂದು ಕೈಯಲ್ಲಿ ಪಕ್ಕದ ಬೆರಳಿಗೆ ಒತ್ತಿ ಹಿಡಿದೇ ಇರಿ.

ಕಿರುಬೆರಳನ್ನು ನಾಲ್ಕನೆಯದಕ್ಕೆ ಕಟ್ಟಿ. ಅದು ತಪ್ಪುವುದು ಹೆಚ್ಚಾಗಿ ಹೊರಕ್ಕೆ, ನಾಲ್ಕನೇ ಬೆರಳು ಅದನ್ನು ಒಳಗೆ ಹಿಡಿದಿಡುತ್ತದೆ. ಎರಡನೆಯದನ್ನು ಹೆಬ್ಬೆರಳಿಗಿಂತ ಮೂರನೆಯದಕ್ಕೆ ಕಟ್ಟುವುದು ವಾಸಿ, ಅಳತೆ ಹೊಂದುತ್ತದೆ.

ಪ್ಲಾಸ್ಟರ್ ಮತ್ತು ಊರುಗೋಲು

ಮೊದಲ ಎರಡು ಮೂರು ದಿನ ಕಾಲನ್ನು ಎತ್ತರದಲ್ಲಿಡುವುದೇ ದೊಡ್ಡ ಔಷಧಿ. ಎಚ್ಚರವಿರುವಾಗ ಆಗಾಗ ಬೆರಳುಗಳನ್ನು ಆಡಿಸುತ್ತಿರಿ. ಕಾಲು ಎತ್ತರದಲ್ಲಿಟ್ಟು ಮಾತ್ರೆ ನುಂಗಿದ ಮೇಲೂ ನೋವು ಏರುತ್ತಲೇ ಇದ್ದರೆ, ಬೆರಳನ್ನು ಯಾರಾದರೂ ಮೆಲ್ಲಗೆ ಮೇಲಕ್ಕೆತ್ತಿದರೂ ಕಿರುಚುವಷ್ಟು ನೋವಾದರೆ, ಅದು ಒಳಗಿನ ಊತ ರಕ್ತದ ಓಡಾಟವನ್ನೇ ಒತ್ತುತ್ತಿರುವ ಸೂಚನೆ. ಬೆಳಗಾಗಲಿ ಎಂದು ಕಾಯುವ ವಿಷಯ ಇದಲ್ಲ. ತುರಿಕೆಗೆ ಪ್ಲಾಸ್ಟರ್ ಒಳಗೆ ಕಡ್ಡಿ, ಸ್ಕೇಲು ತೂರಿಸಬೇಡಿ. ಒಳಗೆ ಗಾಯವಾದರೆ ಕಾಣುವುದೂ ಇಲ್ಲ.

ನೋವಿಗೆ ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ಐಬುಪ್ರೊಫೇನ್‌ನಂಥ ಮಾತ್ರೆಗಳನ್ನು ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ಕೇಳದೆ ನುಂಗಬಾರದು.

ಊರುಗೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಲಿ. ಭಾರವನ್ನು ಅಂಗೈ ಹೊರಬೇಕು, ಕಂಕುಳಲ್ಲ. ಕಂಕುಳಿನಲ್ಲಿ ನೇತಾಡಿದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ನೋವಿನ ಕಾಲು ಮೊದಲು. ಬೂಟು ಅಥವಾ ಪ್ಲಾಸ್ಟರ್ ಇರುವ ಕಾಲಿನಲ್ಲಿ ವಾಹನ ಓಡಿಸಬೇಡಿ.

ಬಿಚ್ಚಿದ ಮೇಲೆ

ಪ್ಲಾಸ್ಟರ್ ಬಿಚ್ಚಿದ ದಿನ ಕಾಲು ನೋಡಿ ಹಲವರು ಹೆದರುತ್ತಾರೆ. ಮೀನಖಂಡ ಬತ್ತಿದೆ, ಚರ್ಮ ಒಣಗಿದೆ, ಪಾದ ಹಲಗೆಯಂತೆ ಬಿಗಿದಿದೆ. ಇದು ಸಹಜ. ಮೊದಲ ವಾರ ಭಾರವಿಲ್ಲದ ವ್ಯಾಯಾಮ ಮಾತ್ರ. ಕೂತು, ಪಾದವನ್ನು ಗಾಳಿಯಲ್ಲಿ ಎತ್ತಿ, ಹೆಬ್ಬೆರಳೇ ಪೆನ್ನು ಎಂಬಂತೆ ಅ ಆ ಇ ಈ ಬರೆಯಿರಿ. ಕನ್ನಡದ ಅಕ್ಷರಗಳ ದುಂಡು ತಿರುವುಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ, ಪಾದ ಎಲ್ಲ ದಿಕ್ಕಿಗೂ ತಿರುಗುತ್ತದೆ. ನೆಲದ ಮೇಲೆ ಟವೆಲ್ ಹಾಸಿ ಬೆರಳುಗಳಿಂದ ಮುದುರಿ ಹತ್ತಿರ ಎಳೆದುಕೊಳ್ಳಿ. ದಿನಕ್ಕೆ ಮೂರು ಸಲ, ಪ್ರತಿ ಸಲ ಹತ್ತು ಬಾರಿ ಸಾಕು.

ಡಾಕ್ಟರು ಭಾರಕ್ಕೆ ಒಪ್ಪಿದ ಮೇಲೆ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು. ಅದು ಸಲೀಸಾದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವುದು, ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. ಇದನ್ನು ಬಿಡಬೇಡಿ. ಪಾದ ಎಲ್ಲಿದೆ, ಹೇಗೆ ವಾಲಿದೆ ಎಂದು ಮೆದುಳಿಗೆ ತಿಳಿಸುವ ನರದ ತುದಿಗಳು ಲಿಗಮೆಂಟಿನಲ್ಲೂ ಇವೆ. ಅವುಗಳೂ ಪೆಟ್ಟು ತಿಂದಿರುತ್ತವೆ, ಅವುಗಳಿಗೂ ಅಭ್ಯಾಸ ಬೇಕು. ವ್ಯಾಯಾಮದ ನೋವು ಒಂದೆರಡು ಗಂಟೆಯಲ್ಲಿ ಇಳಿದರೆ ಸರಿ. ಮಾರನೇ ಬೆಳಗ್ಗೆಯೂ ಊತ ಹೆಚ್ಚಿದ್ದರೆ ಹಿಂದಿನ ದಿನ ಜಾಸ್ತಿ ಮಾಡಿದ್ದೀರಿ ಎಂದರ್ಥ, ಅರ್ಧಕ್ಕೆ ಇಳಿಸಿ.

ಓಡಲು ಯಾವಾಗ ಶುರು ಮಾಡಬಹುದು? ದಿನ ಎಣಿಸುವುದಕ್ಕಿಂತ ಹೀಗೆ ಪರೀಕ್ಷಿಸಿ. ನೋವಿನ ಕಾಲೊಂದರ ಮೇಲೇ ನಿಂತು, ಇನ್ನೊಂದರಷ್ಟೇ ಸಲ ಹಿಮ್ಮಡಿ ಎತ್ತಲು ಆಗಬೇಕು, ಅರ್ಧ ಗಂಟೆ ಚುರುಕಾಗಿ ನಡೆದರೆ ಕುಂಟು ಬರಬಾರದು. ಲಿಗಮೆಂಟ್ ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ.

ಸಕ್ಕರೆ ಕಾಯಿಲೆ ಇರುವವರಿಗೆ

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಲ್ಲಿ ದೊಡ್ಡ ಪೆಟ್ಟೇ ಬೀಳದೆ ನಡುಪಾದದ ಕೀಲುಗಳು ಜಾರಬಹುದು. ಇದಕ್ಕೆ ಶಾರ್ಕೋ ಪಾದ ಎನ್ನುತ್ತಾರೆ. ಒಂದು ಪಾದ ಮಾತ್ರ ಕೆಂಪಗೆ, ಬಿಸಿಯಾಗಿ, ಊದಿಕೊಂಡಿರುತ್ತದೆ, ಆದರೆ ನೋವು ಅಷ್ಟಾಗಿ ಇರುವುದಿಲ್ಲ. ನೋವಿಲ್ಲದ್ದರಿಂದ ನಡೆಯುತ್ತಲೇ ಇರುತ್ತಾರೆ, ಕಮಾನು ಕುಸಿಯುತ್ತದೆ. ಎರಡೂ ಪಾದಗಳ ಮೇಲೆ ಅಂಗೈ ಇಟ್ಟು ಹೋಲಿಸಿ. ಒಂದು ಸ್ಪಷ್ಟವಾಗಿ ಬಿಸಿ ಅನ್ನಿಸಿದರೆ ಅದೇ ದಿನ ತೋರಿಸಿ. ಇದರ ಮುಖ್ಯ ಚಿಕಿತ್ಸೆಯೂ ಆಪರೇಷನ್ ಅಲ್ಲ. ಪಾದದ ಆಕಾರಕ್ಕೆ ಪೂರ್ತಿ ಅಂಟಿಕೊಳ್ಳುವ ವಿಶೇಷ ಪ್ಲಾಸ್ಟರ್ ಹಾಕಿ, ಎರಡು ಪಾದಗಳ ಬಿಸಿಯ ವ್ಯತ್ಯಾಸ 2 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗುವವರೆಗೆ ಇಡುತ್ತಾರೆ. ಎಷ್ಟೋ ಸಲ ತಿಂಗಳುಗಟ್ಟಲೆ ಬೇಕಾಗುತ್ತದೆ. ಇಂಥವರು ಬೆರಳಿಗೆ ಟೇಪು ಕಟ್ಟುವುದನ್ನೂ ಡಾಕ್ಟರನ್ನು ಕೇಳದೆ ಮಾಡಬಾರದು, ಒಳಗೆ ಹುಣ್ಣಾದರೂ ಗೊತ್ತಾಗುವುದಿಲ್ಲ.

ಮತ್ತೆ ಆಸ್ಪತ್ರೆಗೆ ಹೋಗಬೇಕಾದದ್ದು

ಕೂತ ಕೀಲು ಮತ್ತೆ ವಕ್ರವಾಗಿ ಕಂಡರೆ, ಬೆರಳು ತಣ್ಣಗಾದರೆ, ಪ್ಲಾಸ್ಟರಿನಿಂದ ಕೆಟ್ಟ ವಾಸನೆ ಬಂದರೆ, ಜ್ವರ ಬಂದರೆ ಅದೇ ದಿನ ಹೋಗಿ. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಎಲ್ಲ ಸರಿಯಿದ್ದೂ ಆರು ವಾರದ ನಂತರ ಪಾದದ ನಡುವೆ ನೋವು ಹಾಗೇ ಉಳಿದಿದ್ದರೆ, ನಿಂತು ತೆಗೆಯುವ ಎಕ್ಸ್-ರೇ ಇನ್ನೊಮ್ಮೆ ತೆಗೆಸಿ, ಎರಡೂ ಪಾದಗಳದ್ದು ಒಟ್ಟಿಗೆ. ಹೋಲಿಸಿ ನೋಡಲು ಆರೋಗ್ಯವಾಗಿರುವ ಪಾದದ ಚಿತ್ರವೂ ಬೇಕಾಗುತ್ತದೆ.